ನನ್ನ ಪುಟದಿಂದ ಅಳಿಸಿದ ಸಾಲು

ನಿಮ್ಮ ಚಿಕ್ಕಜ್ಜಿಯನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮಕ್ಕಳೇ. ಅವಳು ನಿಮಗೆ ಈ ಸಂಗತಿಯನ್ನು ಬೇರೆ ಥರ ಹೇಳಿರುತ್ತಾಳೆ, ಕೈಗೊಂದು ಕೋಡುಬಳೆ ಕೊಟ್ಟು, ನಗುನಗುತ್ತಾ. ಅವಳಿಗೆ ಮಾತು ಬರುತ್ತದೆ. ನಾಲ್ಕು ಜನ ಸೇರಿದ ಕಡೆ ನನ್ನ ಬಾಯಿ ಒಣಗುತ್ತದೆ. ಆಡಬೇಕಾಗಿದ್ದ ಮಾತು ಮನೆಗೆ ಬಂದು ಸೀರೆ ಮಡಿಸುವಾಗ ನೆನಪಾಗುತ್ತದೆ. ಮಂಡಕಳ್ಳಿಯ ಆಚೆ ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ. ಆ ಅಕ್ಷರ ಈಗ ಉಪಯೋಗಕ್ಕೆ ಬರುತ್ತಿದೆ.

ಚಿಕ್ಕಜ್ಜಿ ಎಂದರೆ ನಿಮ್ಮ ತಾತನ ತಮ್ಮನ ಹೆಂಡತಿ, ನನ್ನ ವಾರಗಿತ್ತಿ. ನಾನು ದೊಡ್ಡ ಸೊಸೆ, ಅವಳು ಎರಡನೆಯವಳು. ಊರಿನ ಮನೆ ಭಾಗವಾದಾಗ ಒರಳುಕಲ್ಲು ಮತ್ತು ಎರಡು ಒನಕೆ ಅವಳ ಪಾಲಿಗೆ ಹೋದವು. ಆ ಒರಳು ಈಗ ರಾಮಕೃಷ್ಣನಗರದ ಅವಳ ಮನೆಯ ಮುಂದೆ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಕೂತಿದೆ. ಅಲ್ಲಿಗೆ ತಂದ ಮೇಲೆ ಅದರಲ್ಲಿ ಅವಳು ಒಂದು ಹಿಡಿ ಚಟ್ನಿಪುಡಿಯನ್ನೂ ಕುಟ್ಟಿದವಳಲ್ಲ. ಮಿಕ್ಸಿ ಇದೆ. ಆದರೆ ನಮ್ಮ ಬಳಗದಲ್ಲಿ ಯಾವ ಹುಡುಗಿಯ ಮದುವೆಯಾದರೂ ಆ ಒರಳಿನಲ್ಲೇ ಅರಿಶಿನ ಕುಟ್ಟಬೇಕು. ಹಾಗಾಗಿ ಪ್ರತಿ ಮದುವೆಗೂ ಎಲ್ಲರೂ ಅವಳ ಬಾಗಿಲಿಗೆ ಹೋಗಬೇಕು, ಅವಳ ಮಾತು ಕೇಳಬೇಕು.

ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಒಂದು ಕಟ್ಟಳೆ ಇದೆ. ಒಬ್ಬೊಬ್ಬ ಹೆಂಗಸಿಗೂ ಒನಕೆಯ ಕರೆ ಹೋಗಬೇಕು. ಕರೆ ಇಲ್ಲದವಳು ಒರಳಿನ ಹತ್ತಿರ ಸುಳಿಯುವಂತಿಲ್ಲ. ಕರೆ ಹೋದವಳನ್ನು ಒನಕೆ ಕೊಡದೆ ವಾಪಸ್ ಕಳಿಸುವಂತೆಯೂ ಇಲ್ಲ; ಕಳಿಸಿದರೆ ಆ ಅರಿಶಿನ ಮದುವಣಗಿತ್ತಿಗೆ ಆಗಿಬರುವುದಿಲ್ಲ ಅನ್ನುತ್ತಾರೆ. ಈ ಎರಡನೆಯ ಮಾತನ್ನು ಎಲ್ಲರಿಗಿಂತ ಜೋರಾಗಿ ಹೇಳುವವಳು ಚಿಕ್ಕಜ್ಜಿಯೇ. ಜಗಳವಾಡಿಕೊಂಡ ನಾದಿನಿಗೆ ಒಮ್ಮೆ ಹಲ್ಲು ಕಚ್ಚಿಕೊಂಡು ಒನಕೆ ಕೊಟ್ಟಿದ್ದಳು, ಕರೆ ಹೋಗಿಬಿಟ್ಟಿತ್ತು ಎಂದು.

ನಿಮ್ಮ ತಾತ ಹೋದ ಮೇಲೆ ನನಗೆ ಕರೆ ನಿಂತಿತು. ಮದುವೆಯಾಗಿ ಬಂದಾಗಿನಿಂದ ಆ ಒರಳಿನಲ್ಲಿ ಭತ್ತ, ರಾಗಿ, ಮೆಣಸಿನಕಾಯಿ ಕುಟ್ಟಿದವಳು ನಾನು. ಒನಕೆಯ ನಡು ಸವೆದಿರುವುದು ನನ್ನ ಅಂಗೈಗೆ. ಗಂಡ ಸತ್ತ ತಕ್ಷಣ ಆ ಅಂಗೈ ಅಪಶಕುನವಾಯಿತು. ಶಾಸ್ತ್ರದ ದಿನಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ, ಹಿತ್ತಲ ಬಾಗಿಲ ಕಡೆ ಕೂತು, ಉಂಡು ಬರುತ್ತಿದ್ದೆ.

ಆದರೆ ನಿಮ್ಮಕ್ಕನ ಮದುವೆ ಗೊತ್ತಾದಾಗ ನನಗೆ ಒಂದು ಆಸೆ ಹುಟ್ಟಿತು. ಅವಳ ಅರಿಶಿನಕ್ಕೆ ನನ್ನ ಒನಕೆ ಬೀಳಬೇಕು. ನಿಮ್ಮಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವಳನ್ನು ನನ್ನ ಮಡಿಲಲ್ಲೇ ಬೆಳೆಸಿದವಳು ನಾನು. ಈ ಆಸೆಯನ್ನು ಯಾರಿಗೂ ಹೇಳಲಿಲ್ಲ. ಕೇಳಿದರೆ ಇಲ್ಲ ಅನ್ನುತ್ತಾರೆ. ಇಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಕೇಳದಿರುವುದು ವಾಸಿ ಎಂದು ಬದುಕಿದವಳು ನಾನು.

ನಿಮ್ಮಕ್ಕ ಕಾಲೇಜು ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುತ್ತಾಳಲ್ಲ, ಮದುವೆಯ ಕರೆಗೆಂದು ತಾನೇ ಒಂದು ಆ್ಯಪ್ ಬರೆದಳು. ಬಳಗದ ಪ್ರತಿ ಹೆಂಗಸಿಗೂ ಅದರಲ್ಲಿ ಒಂದು ಪುಟ. ಮನೆದೇವರು, ಮೂಲದ ಊರು, ಊಟಕ್ಕೆ ಎಷ್ಟು ಜನ, ಒನಕೆಯ ಕರೆ ಹೌದೋ ಇಲ್ಲವೋ. ಹೌದು ಎಂದಿರುವವರಿಗೆ ಬೆಳಿಗ್ಗೆಯೇ ಒರಳಿನ ಹತ್ತಿರ ಬನ್ನಿ ಎಂಬ ಮೆಸೇಜು ತಾನಾಗಿ ಹೋಗುತ್ತದೆ. ಇಲ್ಲ ಎಂದಿರುವವರಿಗೆ ಇನ್ನೊಂದು ಮೆಸೇಜು. ಈ ಇನ್ನೊಂದನ್ನು ಹೇಳಿ ಬರೆಸಿದವಳು ಚಿಕ್ಕಜ್ಜಿ: “ಶಾಸ್ತ್ರ ಮುಗಿದ ಮೇಲೆ ಊಟಕ್ಕೆ ಬನ್ನಿ.” ಎಷ್ಟು ಮರ್ಯಾದೆಯ ಸಾಲು ನೋಡಿ. ಓದಿದ ಯಾರಿಗಾದರೂ ಅರ್ಥವಾಗುತ್ತದೆ ಅದು ಯಾರಿಗೆಂದು.

ಅವತ್ತು ದಟ್ಟಗಳ್ಳಿಯ ನಮ್ಮ ಮನೆಯ ಅಡುಗೆಮನೆಯಲ್ಲಿ ನಾನು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆ. ಚಿಕ್ಕಜ್ಜಿ ಬಂದಿದ್ದಳು. ಹಿಸುಕಲು ಕೂರಲಿಲ್ಲ, ಉಗುರಿಗೆ ಬಣ್ಣ ಹಚ್ಚಿದ್ದಳಂತೆ. ನಿಮ್ಮಕ್ಕನ ಫೋನು ಇಸಕೊಂಡು ಪುಟ ತಿರುಗಿಸುತ್ತಿದ್ದವಳು ನನ್ನ ಪುಟದಲ್ಲಿ ನಿಂತಳು.

“ಏನಮ್ಮ ಇದು? ಅಕ್ಕಯ್ಯಂಗೂ ಒನಕೆ ಕರೆ ಹೌದು ಅಂತ ಐತಲ್ಲ?”

“ಇರ್ಲಿ ಬುಡು ಚಿಕ್ಕಜ್ಜಿ,” ಅಂದಳು ನಿಮ್ಮಕ್ಕ.

“ಇರ್ಲಿ ಅಂದ್ರೆ ಎಂಗಮ್ಮ? ನಾಳೆ ನಿನ್ ಅತ್ತೆಮನೆಯೋರು ಕೇಳುದ್ರೆ ನಾನಲ್ವಾ ಮುಖ ಕೊಡ್ಬೇಕು? ಎಲ್ಲಿ ಒತ್ಬೇಕು, ಇಲ್ಲಾ?” ಅಂದವಳೇ ಒತ್ತಿಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಬೇಜಾರ್ ಮಾಡ್ಕೋಬೇಡ ಅಕ್ಕಯ್ಯ. ಊಟಕ್ಕಂತೂ ನೀನೇ ಮೊದ್ಲು, ಆಯ್ತಾ?” ಅಂದಳು.

ನಾನು ಅವರೆಕಾಳು ಹಿಸುಕಿದೆ. ಒಂದು ಕಾಳು ಜೋರಾಗಿ ಚಿಮ್ಮಿ ಅವಳ ಸೀರೆಯ ಮೇಲೆ ಬಿತ್ತು. ಬೇಕೆಂದು ಮಾಡಿದ್ದಲ್ಲ, ಆದರೆ ಬಿದ್ದದ್ದು ಒಳ್ಳೆಯದಾಯಿತು.

ಮಾರನೆಯ ದಿನ ಬೆಳಿಗ್ಗೆ ಆ್ಯಪಿನಿಂದ ಮೆಸೇಜುಗಳು ಹೋದವು. ಕಾಫಿ ಲೋಟ ಇನ್ನೂ ತೊಳೆದಿರಲಿಲ್ಲ, ನಿಮ್ಮಪ್ಪನ ಫೋನು ಬಡಿದುಕೊಳ್ಳಲು ಶುರುವಾಯಿತು. ಇಟ್ಟರೆ ಇನ್ನೊಂದು, ಇಟ್ಟರೆ ಇನ್ನೊಂದು. ಬಳಗದ ಅಷ್ಟೂ ಹೆಂಗಸರಿಗೆ, ಗಂಡಂದಿರು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದವರಿಗೂ, “ಶಾಸ್ತ್ರ ಮುಗಿದ ಮೇಲೆ ಊಟಕ್ಕೆ ಬನ್ನಿ” ಎಂದು ಹೋಗಿತ್ತು. ಒಬ್ಬಳಿಗೂ ಒನಕೆಯ ಕರೆ ಇರಲಿಲ್ಲ.

ನನಗೆ ಖುಷಿಯಾಯಿತು. ನಿಮ್ಮ ಹತ್ತಿರ ಸುಳ್ಳು ಯಾಕೆ? ಒಂದು ಬೆಳಗಿನ ಮಟ್ಟಿಗಾದರೂ ನನಗೆ ಬಂದ ಸಾಲು ಎಲ್ಲರಿಗೂ ಬಂತು, ಎಲ್ಲರೂ ಅದನ್ನು ಓದಿದರು, ಎಲ್ಲರ ಹೊಟ್ಟೆಯೂ ಉರಿಯಿತು. ನನ್ನ ಹೊಟ್ಟೆ ಉರಿದಾಗ ಯಾರೂ ಫೋನ್ ಮಾಡಿರಲಿಲ್ಲ.

ಚಿಕ್ಕಜ್ಜಿ ಫೋನ್ ಮಾಡಲಿಲ್ಲ, ಆಟೋ ಮಾಡಿಕೊಂಡು ಬಂದಳು. ಗೇಟಿನಿಂದಲೇ ಶುರು.

“ನನ್ ಗಂಡ ಗುಂಡ್ಕಲ್ಲಂಗೆ ಕೂತವ್ರೆ ಮನೇಲಿ! ನಂಗ್ ಊಟಕ್ಕ್ ಬನ್ನಿ ಅಂತ ಕಳಿಸ್ತೀರಾ? ಎದ್ದು ಮುಖ ತೊಳೀದೇ ನೋಡ್ದೆ ಕಣಮ್ಮ, ಕೈಕಾಲೆಲ್ಲ ತಣ್ಣಗಾಗೋಯ್ತು!”

ನಿಮ್ಮಪ್ಪ, “ಚಿಕ್ಕಮ್ಮ, ಒಳಗ್ ಬನ್ನಿ, ಬೀದೀಲಿ ಬೇಡ,” ಎಂದು ಕೈಮುಗಿದ.

“ಬೀದೀಲೇ ಹೇಳ್ತೀನಿ ಬುಡು. ಅಕ್ಕಯ್ಯ ಹೇಳ್ಕೊಟ್ಟು ಮಾಡ್ಸಿರೋದು ಇದು. ತನ್ ಹಣೆಬರಹಾನ ಎಲ್ಲರ್ ಹಣೆಗೂ ಅಂಟಿಸ್ಬುಟ್ಲು. ಬಾಯಿಲ್ಲ ಬಾಯಿಲ್ಲ ಅಂತೀರಲ್ಲ, ಬಾಯಿಲ್ಲದೋರ್ ಹೊಟ್ಟೇಲೇ ಇರೋದು ಎಲ್ಲ.”

ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಹಿಂದಿನ ದಿನ ತಾನೇ ಒತ್ತಿದ್ದನ್ನು ಅವಳು ಮರೆತಿದ್ದಳೋ, ಮರೆತವಳ ಹಾಗೆ ಆಡಿದಳೋ, ನನಗೆ ಇವತ್ತಿಗೂ ತಿಳಿಯದು. ಅದನ್ನು ಹೇಳಬಹುದಿತ್ತು. ಬಾಯಿ ಒಣಗಿತು.

ಅವಳು ಹೋದ ಮೇಲೆ ನಿಮ್ಮಕ್ಕ ಕಂಪ್ಯೂಟರ್ ತೆರೆದು ನೋಡಿ, ಹಣೆ ಹಿಡಿದುಕೊಂಡು, ನಗುತ್ತಾ ಬಂದು ನನ್ನ ಪಕ್ಕ ಕೂತಳು. ನನಗೆ ನಗು ಬರಲಿಲ್ಲ. “ಏನ್ ಮಾಡಿಟ್ಟಿದ್ದೀಯ ಅಂತ ನಂಗೆ ತಿಳಿಯೋ ಹಂಗೆ ಹೇಳು,” ಅಂದೆ.

“ಅಜ್ಜಿ, ಬೇರೆ ಕೆಲವು ಭಾಷೇಲಿ ಮೊದ್ಲು ಇಟ್ಟಿಗೆ ಅಚ್ಚು ಮಾಡ್ಬೇಕು, ಆಮೇಲೆ ಇಟ್ಟಿಗೆ. ನಾನು ಬರ್ದಿರೋ ಭಾಷೇಲಿ ಅಚ್ಚೇ ಬೇಕು ಅಂತಿಲ್ಲ. ಒಂದು ಇಟ್ಟಿಗೆ ತೋರ್ಸಿ, ಇದರ ಥರ ಇನ್ನೊಂದು ಅಂದ್ರೆ ಸಾಕು. ಯಾವುದನ್ನ ತೋರಿಸ್ತೀವೋ ಅದಕ್ಕೆ ಪ್ರೊಟೊಟೈಪ್ ಅಂತಾರೆ.”

“ಯಾವ ಇಟ್ಟಿಗೆ ತೋರ್ಸಿದೆ?”

“ನಿನ್ನ. ಈ ಮನೆಗೆ ಮೊದ್ಲು ಬಂದ ಸೊಸೆ ನೀನೇ ಅಲ್ವಾ? ಮೊದ್ಲು ನಿನ್ನ ಪುಟ ಮಾಡ್ದೆ. ಉಳಿದೋರನ್ನೆಲ್ಲ ನಿನ್ನ ಥರ ಅಂತ ಮಾಡ್ದೆ.”

ಬಳಗದ ಅಷ್ಟೂ ಹೆಂಗಸರು ನನ್ನ ಥರ! ಚಿಕ್ಕಜ್ಜಿಗೆ ಇದು ಗೊತ್ತಾದರೆ ಆಟೋದಲ್ಲಿ ಇನ್ನೊಂದು ಸಲ ಬರುತ್ತಾಳೆ ಅನ್ನಿಸಿತು.

“ಸರಿ. ನನ್ನ ಪುಟದಲ್ಲಿ ಅವ್ಳು ಒತ್ತಿದ್ದು ಅವ್ಳ ಪುಟಕ್ಕೆ ಹೆಂಗೆ ಹೋಯ್ತು?”

“ಹೋಗ್ಲಿಲ್ಲ ಅಜ್ಜಿ. ಅವ್ರ ಪುಟದಲ್ಲಿ ಆ ಸಾಲೇ ಇಲ್ಲ. ಯಾರ ಪುಟದಲ್ಲೂ ಇಲ್ಲ, ನಿನ್ನ ಒಬ್ಬಳ ಪುಟದಲ್ಲಿ ಇರೋದು. ಚಿಕ್ಕಜ್ಜಿಗೆ ಒನಕೆ ಕರೆ ಉಂಟಾ ಅಂತ ಕೇಳಿದ್ರೆ, ಮೊದ್ಲು ಅವ್ರ ಪುಟದಲ್ಲಿ ಹುಡುಕುತ್ತೆ. ಅಲ್ಲಿಲ್ಲ ಅಂದ್ರೆ ಅವ್ರನ್ನ ಯಾರ ಥರ ಮಾಡಿದ್ದೋ ಅವ್ರ ಹತ್ರ ಹೋಗಿ ಕೇಳುತ್ತೆ. ಅಂದ್ರೆ ನಿನ್ನ ಹತ್ರ.”

ನನಗೆ ನಮ್ಮತ್ತೆಯ ಉಪ್ಪಿನ ಜಾಡಿ ನೆನಪಾಯಿತು. ಊರಿನ ಮನೆಯಲ್ಲಿ ಒಲೆಗಳು ಬೇರೆಯಾದ ಮೇಲೂ ಉಪ್ಪು ಮಾತ್ರ ಅತ್ತೆಯ ಜಾಡಿಯದು. ಸೊಸೆಯರ ಒಲೆಯ ಪಕ್ಕ ಉಪ್ಪು ಹಂಚಿ ಇಟ್ಟಿರಲಿಲ್ಲ. ಬೇಕಾದಾಗ ಎದ್ದು ಹೋಗಿ ಜಾಡಿಗೆ ಕೈ ಹಾಕುವುದು. ಒಂದು ದಿನ ಯಾರದೋ ಕೈಯಿಂದ ಜಾಡಿಗೆ ಸೀಮೆಎಣ್ಣೆ ಬಿತ್ತು. ಅತ್ತೆಯ ಸಾರೂ ನಾರಿತು, ನನ್ನ ಸಾರೂ ನಾರಿತು. ಚಿಕ್ಕಜ್ಜಿಯ ಸಾರು ಮಾತ್ರ ಸರಿಯಿತ್ತು. ಯಾಕೆಂದರೆ ಅವಳು ಯಾರಿಗೂ ಹೇಳದೆ ಪುಡಿ ಉಪ್ಪಿನ ಪೊಟ್ಟಣ ತರಿಸಿ ಸೆರಗಿನ ಮರೆಯಲ್ಲಿ ಇಟ್ಟುಕೊಂಡಿದ್ದಳು. ತನ್ನ ಹತ್ತಿರ ಇದ್ದವಳು ಜಾಡಿಯ ಹತ್ತಿರ ಯಾಕೆ ಹೋಗುತ್ತಾಳೆ?

ಇದನ್ನು ಹೇಳಿದಾಗ ನಿಮ್ಮಕ್ಕ ನನ್ನ ಕೈ ಹಿಡಿದುಕೊಂಡಳು. “ಅದೇ ಅಜ್ಜಿ! ಅಷ್ಟೇ! ಜಾಡೀಲಿ ಇರೋದು ಎಲ್ಲರಿಗೂ ಸೇರಿದ್ದು. ಸ್ವಂತ ಪೊಟ್ಟಣ ಇದ್ದೋರಿಗೆ ಜಾಡಿ ಕಾಣೋದೇ ಇಲ್ಲ.”

“ಆ ದಿನ ಅವ್ಳ ಹತ್ರ ಪೊಟ್ಟಣ ಇತ್ತು. ಈ ಸಲ ಇರ್ಲಿಲ್ಲ,” ಅಂದೆ. ಆಗ ಮಾತ್ರ ನಕ್ಕೆ.

ಆದರೆ ನಿಮ್ಮಕ್ಕನ ಮೇಲೂ ನನಗೆ ಸಿಟ್ಟು ಬಂದಿತ್ತು, ಅದನ್ನೂ ಹೇಳಿದೆ. “ಮನೆದೇವ್ರು ಎಲ್ಲರದೂ ಒಂದೇ. ಅದನ್ನ ಒಂದ್ಕಡೆ ಬರ್ದೆ, ಸರಿ. ಕರೆ ಹೆಂಗಮ್ಮ ಎಲ್ಲರದೂ ಒಂದೇ ಆಗುತ್ತೆ? ಗಂಡ ಸಾಯೋದು ಅವ್ರವ್ರಿಗೆ ಬೇರೆಬೇರೆ.”

ಅವಳು ತಲೆ ತಗ್ಗಿಸಿದಳು. “ನಿನಗೆ ಹೌದು ಅಂತ ಬರೀಬೇಕು ಅಂತ ಇತ್ತು ನಂಗೆ. ಅದನ್ನೇ ಎಲ್ಲರೂ ತಗೊಳ್ಲಿ ಅನ್ಕೊಂಡೆ. ನಿನ್ನಿಂದ ಹೌದು ಇಳಿದು ಬರ್ಲಿ ಅಂತ. ಇಲ್ಲ ಇಳಿಯುತ್ತೆ ಅಂತ ಯೋಚ್ನೆ ಮಾಡ್ಲಿಲ್ಲ.”

ನನ್ನ ಆಸೆ ಅವಳಿಗೆ ಮೊದಲೇ ಗೊತ್ತಿತ್ತು, ನೋಡಿ. ನಾನು ಹೇಳಿರಲಿಲ್ಲ.

ಸಂಜೆ ಚಿಕ್ಕಜ್ಜಿ ಮತ್ತೆ ಬಂದಳು, ಸರಿಪಡಿಸುವುದನ್ನು ಕಣ್ಣಾರೆ ನೋಡಲು. ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು, ಚಿನ್ನದಂಗಡಿಯಲ್ಲಿ ತೂಕ ನೋಡುವವರ ಹಾಗೆ ಕೂತಳು. ನಿಮ್ಮಕ್ಕ ಯಾರದೂ ಅಲ್ಲದ ಒಂದು ಖಾಲಿ ಪುಟ ಮಾಡಿದಳು. ಮನೆದೇವರನ್ನು, ಊರನ್ನು ನನ್ನ ಪುಟದಿಂದ ತೆಗೆದು ಅಲ್ಲಿ ಹಾಕಿದಳು. ಒನಕೆಯ ಕರೆ ಹೌದು ಎಂದೂ ಅಲ್ಲೇ ಬರೆದಳು. ಎಲ್ಲರನ್ನೂ ಇನ್ನು ಮೇಲೆ ಆ ಖಾಲಿ ಪುಟದ ಥರ ಎಂದು ಮಾಡಿದಳು. ನಾನೂ ಅದರ ಥರವೇ. ಬಳಗದಲ್ಲಿ ಗಂಡ ಇಲ್ಲದ ಇನ್ನಿಬ್ಬರು ದೂರದ ಊರಿನವರು, ಮದುವೆಗೆ ಬರುವುದಿಲ್ಲ ಎಂದು ಮೊದಲೇ ಹೇಳಿದ್ದರು. ಅವರ ವಿಚಾರ ಬರಲಿಲ್ಲ. ವಿಚಾರ ಬಂದದ್ದು ನನ್ನದು.

“ಈಗ ಅಕ್ಕಯ್ಯಂದು?” ಅಂದಳು ಚಿಕ್ಕಜ್ಜಿ.

ನಿಮ್ಮಕ್ಕ ಅಪ್ಪನ ಮುಖ ನೋಡಿದಳು. ನಿಮ್ಮಪ್ಪ ನನ್ನ ಮಗ. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಾ, “ಹಾಕಮ್ಮ, ಸಾಕು ರಾಮಾಯಣ. ಮದುವೆ ಮುಗಿಯೋಗಂಟ ನೀನು ಅದನ್ನ ಮುಟ್ಟೋದಿಲ್ಲ ಅಂತ ಚಿಕ್ಕಜ್ಜಿಗೆ ಮಾತು ಕೊಡು,” ಅಂದ. ನನ್ನ ಪುಟದಲ್ಲಿ, ನನ್ನೊಬ್ಬಳ ಪುಟದಲ್ಲಿ, ಒನಕೆಯ ಕರೆ ಇಲ್ಲ ಎಂಬ ಸಾಲು ಬಿತ್ತು. ನಿಮ್ಮಕ್ಕ ಮಾತು ಕೊಟ್ಟಳು. ಚಿಕ್ಕಜ್ಜಿ ಕಾಫಿ ಕುಡಿದು, ಸಕ್ಕರೆ ಕಮ್ಮಿ ಎಂದು ಹೇಳಿ ಹೋದಳು.

ಈಗ ಎಲ್ಲವೂ ಸರಿಯಾಗಿತ್ತು. ಯಾರ ಸಾಲೂ ಯಾರಿಗೂ ಅಂಟುತ್ತಿರಲಿಲ್ಲ. ಸರಿಯಾದದ್ದೇ ನನಗೆ ಹೆಚ್ಚು ಉರಿಯಿತು. ತಪ್ಪಾಗಿದ್ದಾಗ ಬಳಗವೆಲ್ಲ ನನ್ನ ಜೊತೆ ಹೊರಗಿತ್ತು; ಸರಿಯಾದ ಮೇಲೆ ಹೊರಗೆ ನಾನೊಬ್ಬಳೇ.

ಎರಡು ದಿನ ನಿಮ್ಮಪ್ಪನ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟೆ, ಬಡಿಸಿದೆ, ಅಷ್ಟೇ. ಅವನು ಗಮನಿಸಲೂ ಇಲ್ಲ; ಮಾತಾಡದವಳು ಮಾತು ಬಿಟ್ಟರೆ ಯಾರಿಗೆ ತಿಳಿಯುತ್ತದೆ? ಮೂರನೆಯ ದಿನ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ನಿಮ್ಮಕ್ಕನನ್ನು ಕೇಳಿದೆ. ಎರಡೇ ಮಾತು ಕೇಳಲು ಅಷ್ಟೂ ಬಟ್ಟೆ ಒಣಹಾಕುವಷ್ಟು ಹೊತ್ತು ಬೇಕಾಯಿತು.

“ಅಮ್ಮಾ, ನನ್ನ ಪುಟ ನನ್ನ ಫೋನಲ್ಲೂ ತೆರೆಯುತ್ತಲ್ವಾ?”

“ಹೂಂ. ಊಟಕ್ಕೆ ಎಷ್ಟು ಜನ ಅಂತ ಅವರವರೇ ಬರೀಲಿ ಅಂತ ಎಲ್ಲರಿಗೂ ಕೊಟ್ಟಿದ್ದೀನಿ.”

“ಅಲ್ಲಿರೋ ಆ ಸಾಲನ್ನ ನಾನು ಬದಲಾಯಿಸಬಹುದಾ?”

ಅವಳು ಕೈಯಲ್ಲಿದ್ದ ಟವೆಲನ್ನು ಹಾಗೇ ಹಿಡಿದು ನಿಂತಳು. “ನಾನು ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೀನಿ ಅಜ್ಜಿ. ನೀನು ಕೊಟ್ಟಿಲ್ಲ. ಹೌದು ಅಂತ ಬರೀಬಹುದು.”

ಹೌದು ಎಂದು ನನ್ನ ಕೈಯಾರೆ ಬರೆಯಲು ನನಗೆ ನಾಚಿಕೆಯಾಯಿತು. ನನ್ನನ್ನೂ ಕರೆಯಿರಿ ಎಂದು ಬೀದಿಯಲ್ಲಿ ಕೂಗಿದ ಹಾಗೆ. ಅದನ್ನೂ ಹೇಳಿದೆ.

“ಹಂಗಾದ್ರೆ ಬರೀಬೇಡ. ಸಾಲನ್ನೇ ಅಳಿಸ್ಬುಡು,” ಅಂದಳು.

“ಅಳಿಸಿದ್ರೆ?”

“ನಿನ್ನ ಪುಟದಲ್ಲಿ ಹುಡುಕುತ್ತೆ, ಸಿಗಲ್ಲ. ಆಗ ಮೇಲೆ ಹೋಗಿ ಖಾಲಿ ಪುಟ ಕೇಳುತ್ತೆ. ಅಲ್ಲಿ ಏನಿದೆ?”

ಅಲ್ಲಿ ಹೌದು ಎಂದಿತ್ತು. ಎಲ್ಲರಿಗೂ ಇರುವ ಹೌದು. ನನ್ನ ಪೊಟ್ಟಣವನ್ನು ಎಸೆದರೆ ಜಾಡಿ ಇದ್ದೇ ಇದೆ.

ಅಳಿಸಲು ನಾಚಿಕೆಯಾಗಲಿಲ್ಲ. ಯಾರೋ ನನ್ನ ಗೋಡೆಯ ಮೇಲೆ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ. ಬೆರಳು ತೇವವಿತ್ತು, ಫೋನು ಕೇಳಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದೆ. ಸಾಲು ಹೋಯಿತು.

ಶಾಸ್ತ್ರದ ಹಿಂದಿನ ದಿನ ಎಲ್ಲರಿಗೂ ಮತ್ತೆ ಕರೆ ಹೋಯಿತು. ನನಗೂ ಬಂತು: “ಬೆಳಿಗ್ಗೆ ಒರಳಿನ ಹತ್ತಿರ ಬನ್ನಿ.” ಚಿಕ್ಕಜ್ಜಿ ಈ ಸಲ ತನ್ನ ಮೆಸೇಜು ಮಾತ್ರ ನೋಡಿಕೊಂಡಿದ್ದಳು.

ನಾನು ಬೂದು ಬಣ್ಣದ ಸೀರೆ ಉಟ್ಟು ನಿಮ್ಮಮ್ಮ, ನಿಮ್ಮಕ್ಕನ ಜೊತೆಯೇ ಹೋದೆ. ಒರಳಿಗೆ ಸುಣ್ಣದ ಪಟ್ಟೆ ಬಳಿದು, ಮಾವಿನೆಲೆ ಕಟ್ಟಿದ್ದರು. ಚಿಕ್ಕಜ್ಜಿ ಜರಿ ಸೀರೆಯಲ್ಲಿ ಅರಿಶಿನದ ಕೊಂಬಿನ ಮೊರ ಹಿಡಿದು ನಿಂತಿದ್ದಳು. ನನ್ನನ್ನು ಕಂಡವಳೇ, “ಅಕ್ಕಯ್ಯ, ಹಿತ್ಲು ಕಡೆಯಿಂದ ಹೋಗು, ಅಲ್ಲಿ ಚೇರ್ ಹಾಕ್ಸಿದ್ದೀನಿ,” ಅಂದಳು.

ನಾನು ನಿಂತಲ್ಲೇ ನಿಂತೆ.

“ಕೇಳಿಸ್ಲಿಲ್ವಾ? ಒರಳಿನ್ ಮುಂದಕ್ಕೆ ಯಾರು ಕರೆದ್ರು ನಿನ್ನ?”

ಬಾಯಿ ಒಣಗಿತು. ಫೋನು ತೆಗೆದು ಅವಳ ಮುಖದ ಮುಂದೆ ಹಿಡಿದೆ. ಅವಳಿಗೆ ಕನ್ನಡಕವಿಲ್ಲದೆ ಕಾಣುವುದಿಲ್ಲ. ಪಕ್ಕದಲ್ಲಿದ್ದ ನಾದಿನಿ, ಹಿಂದೆ ಚಿಕ್ಕಜ್ಜಿ ಹಲ್ಲು ಕಚ್ಚಿಕೊಂಡು ಕೊಟ್ಟ ಒನಕೆ ಹಿಡಿದಿದ್ದವಳೇ, ಬಗ್ಗಿ ಜೋರಾಗಿ ಓದಿದಳು. ಆಮೇಲೆ, “ಕರೆ ಬಂದದಲ್ಲ ಅತ್ತಿಗೆ. ಕರೆ ಹೋದೋರ್ನ ವಾಪಸ್ ಕಳಿಸ್ಬಾರ್ದು ಅಂತ ನೀವೇ ಅಲ್ವಾ ಹೇಳೋದು?” ಅಂದಳು.

ಚಿಕ್ಕಜ್ಜಿ ನಿಮ್ಮಕ್ಕನ ಕಡೆ ತಿರುಗಿದಳು. “ಮಾತು ಕೊಟ್ಟಿದ್ದೆ ನೀನು!”

“ನಾನ್ ಮುಟ್ಟಿಲ್ಲ ಚಿಕ್ಕಜ್ಜಿ. ಮನೆದೇವ್ರಾಣೆ.”

“ಮತ್ತಾರು ಮುಟ್ಟಿದ್ರು?”

“ನಾನು,” ಅಂದೆ. ಅಷ್ಟು ಜನರ ನಡುವೆ ನಾನು ಆಡಿದ ಒಂದೇ ಮಾತು ಅದು.

ಅವಳು ನನ್ನನ್ನು ನೋಡಿದ ನೋಟ ಬರೆಯಲು ಬರುವುದಿಲ್ಲ. ಮೊರವನ್ನು ಕೆಳಗಿಟ್ಟು, ಗೋಡೆಗೆ ಒರಗಿಸಿದ್ದ ಒಂದು ಒನಕೆಯನ್ನು ಎತ್ತಿ ನನ್ನ ಕಡೆ ದೂಡಿದಳು. ಇನ್ನೊಂದನ್ನು ತಾನೇ ಹಿಡಿದಳು. “ಬಾ ಮತ್ತೆ. ಎಷ್ಟು ಕುಟ್ತೀಯ ನೋಡೇಬುಡಾಣ,” ಅಂದಳು.

ಶಾಸ್ತ್ರಕ್ಕೆ ಒಬ್ಬೊಬ್ಬರು ಒನಕೆ ಮುಟ್ಟಿ, ಎತ್ತಿದಂತೆ ಮಾಡಿ, ಫೋಟೋ ತೆಗೆಸಿಕೊಂಡು ಹೋಗುವುದು ಈಗಿನ ಪದ್ಧತಿ. ನಾವಿಬ್ಬರು ನಿಜವಾಗಿ ಕುಟ್ಟಿದೆವು. ಒಂದೇ ಒರಳಿಗೆ ಎರಡು ಒನಕೆ: ಅವಳದು ಏಳುವಾಗ ನನ್ನದು ಬೀಳಬೇಕು, ತಾಳ ತಪ್ಪಿದರೆ ಕೈ ಜಜ್ಜಿಹೋಗುತ್ತದೆ. ಹರೆಯದಲ್ಲಿ ಹೀಗೇ ಎದುರುಬದುರು ನಿಂತು ಭತ್ತ ಕುಟ್ಟಿದ್ದೆವು, ಆಗಲೂ ಮಾತು ಬಿಟ್ಟಿದ್ದ ದಿನಗಳಲ್ಲೇ ಹೆಚ್ಚು. ಅವಳು ಬೇಗ ಎತ್ತಿದಳು, ನಾನೂ ಬೇಗ ಎತ್ತಿದೆ. ಕೊಂಬುಗಳು ಸೀಳಿದವು, ಚೂರಾದವು, ಪುಡಿ ಎದ್ದು ಅವಳ ಜರಿಯ ಮೇಲೂ ನನ್ನ ಬೂದು ಸೀರೆಯ ಮೇಲೂ ಕೂತಿತು. ಯಾರೋ “ಸಾಕ್ ಬುಡಿ, ಮೈಗ್ ಹಚ್ಚೋಕೆ ಇಷ್ಟೇ ಸಾಕು” ಅಂದರು. ನಾವು ಬಿಡಲಿಲ್ಲ. ನಿಮ್ಮಕ್ಕ ಮಣೆಯ ಮೇಲೆ ಕೂತು ನೋಡುತ್ತಿದ್ದಳು. ಅವಳ ಮೈಗೆ ಹಚ್ಚಿದ ಅರಿಶಿನದಷ್ಟು ನುಣುಪಾದ ಅರಿಶಿನವನ್ನು ನಮ್ಮ ಬಳಗದಲ್ಲಿ ಯಾವ ಹುಡುಗಿಯೂ ಹಚ್ಚಿಸಿಕೊಂಡಿಲ್ಲ.

ನನಗೂ ಚಿಕ್ಕಜ್ಜಿಗೂ ಅವತ್ತಿನಿಂದ ಮಾತಿಲ್ಲ. ಮಾತು ಬೇಕಾಗಿಯೂ ಇಲ್ಲ. ಆದರೆ ಒಂದು ಗೊತ್ತಿರಲಿ: ಉಸಿರು ಕಟ್ಟಿ, ಒನಕೆಗೆ ಒರಗಿಕೊಂಡು, ನಮ್ಮಿಬ್ಬರಲ್ಲಿ ಮೊದಲು “ಸಾಕು” ಅಂದವಳು ಅವಳು. ಕೇಳಿದರೆ ನಾನು ಅಂದೆ ಎನ್ನುತ್ತಾಳೆ.